ಪ್ಲೇಟು ಎಗರುವ ಜಾಗ

ನನ್ನ ತಂಗಿಯ ಮಗಳು ಹೋದ ಭಾನುವಾರ ನಮ್ಮ ಮನೆಗೆ ಬಂದವಳು ಕಂಪ್ಯೂಟರಿನ ಮುಂದೆ ಕೂತು ತನ್ನಷ್ಟಕ್ಕೇ ನಗುತ್ತಿದ್ದಳು. ಏನೇ ಅದು ಎಂದೆ. ಯಾವ ಯಾವುದೋ ದೇಶದವರೆಲ್ಲ ಒಂದು ಕಡೆ ಸೇರಿಕೊಂಡು, ಇವತ್ತು ನಮ್ಮ ಮನೆಯಲ್ಲಿ ಈ ರೆಕಾರ್ಡು ಹಾಕಿದ್ದೇವೆ, ನಿಮ್ಮ ಮನೆಯಲ್ಲಿ ಯಾವುದು ಎಂದು ಬರೆದುಕೊಳ್ಳುತ್ತಾರಂತೆ. ಗುರುತಿಲ್ಲ, ಪರಿಚಯವಿಲ್ಲ, ಒಬ್ಬರ ಮುಖ ಒಬ್ಬರು ನೋಡಿಲ್ಲ. ಒಬ್ಬ ತನ್ನ ಮನೆಯ ರೆಕಾರ್ಡಿನ ಫೋಟೋ ಹಾಕಿದರೆ ಇನ್ನೊಬ್ಬ ಆಹಾ ಎನ್ನುತ್ತಾನೆ, ಮತ್ತೊಬ್ಬ ಅಯ್ಯೋ, ಹೋಗಿ ಹೋಗಿ ಅದನ್ನು ಹಾಕಿದೆಯಾ ಎನ್ನುತ್ತಾನೆ.

“ದೊಡ್ಡಮ್ಮ, ನಿಮ್ಮನೇಲೂ ಪ್ಲೇಯರ್ ಇದೆಯಲ್ಲ, ಏನು ಓಡ್ತಿದೆ ಹೇಳು. ನಿನ್ನ ಹೆಸರಲ್ಲೂ ಒಂದು ಹಾಕ್ತೀನಿ” ಎಂದಳು.

“ಇದಕ್ಕೆ ಕಂಪ್ಯೂಟರ್ ಬೇಕೇನೇ? ನಮಗೆ ಒಂದು ಕಿಟಕಿ ಸಾಕಾಗಿತ್ತು” ಎಂದೆ.

“ಶುರುವಾಯ್ತು ನೋಡು ಹಳೇ ಪುರಾಣ” ಎಂದು ಅವಳು ಕಿವಿಗೆ ವೈರು ಸಿಕ್ಕಿಸಿಕೊಂಡಳು. ಸಿಕ್ಕಿಸಿಕೊಳ್ಳಲಿ. ಹೇಳಬೇಕೆಂದು ಬಾಯಿ ತೆರೆದ ಮೇಲೆ ಹಾಗೇ ಮುಚ್ಚಿ ಅಭ್ಯಾಸವಿಲ್ಲ ನನಗೆ. ನೀವು ಸಿಕ್ಕಿದ್ದೀರಿ, ನಿಮಗೇ ಹೇಳುತ್ತೇನೆ.

ತೊಂಬತ್ತರ ದಶಕದ ನಡುವಿನ ಮಾತು. ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯಿಂದ ಸ್ವಲ್ಪ ಒಳಗೆ, ಮೊದಲನೇ ಮಹಡಿಯಲ್ಲಿ ನಮ್ಮ ಬಾಡಿಗೆ ಮನೆ. ನಮ್ಮ ಮನೆಯವರಿಗೆ ವಿಮಾನ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ. ಆ ಹೊತ್ತಿಗೆ ಎಲ್ಲರ ಮನೆಗೂ ಕ್ಯಾಸೆಟ್ಟು ಬಂದು, ಪ್ಲೇಟುಗಳನ್ನು ಹಳೇ ಪೇಪರಿನವನಿಗೆ ಹಾಕುತ್ತಿದ್ದರು. ಈಗಿನವರು ರೆಕಾರ್ಡು ಎನ್ನುತ್ತಾರೆ, ನಮ್ಮ ಕಡೆ ಅದು ಪ್ಲೇಟೇ. ಹಲಸೂರಿನ ನಮ್ಮಪ್ಪನ ಮನೆಯಲ್ಲೂ ಹಾಗೆ ಹಾಕುವುದರಲ್ಲಿದ್ದರು. ನಾನು ಹೋಗಿ ಅಡ್ಡ ನಿಂತು, ಪ್ಲೇಯರನ್ನೂ ಪ್ಲೇಟುಗಳ ಟ್ರಂಕನ್ನೂ ಆಟೋಗೆ ಹೇರಿಕೊಂಡು ಬಂದೆ. “ಬೇರೆಯವರ ಹೆಣ್ಮಕ್ಕಳು ತವರಿಂದ ಬೆಳ್ಳಿ ತಗೊಂಡು ಹೋಗ್ತಾರೆ, ಇವಳು ಗುಜರಿ ತಗೊಂಡು ಹೋಗ್ತಾಳೆ” ಎಂದು ಅಮ್ಮ ಬಾಗಿಲಲ್ಲಿ ನಿಂತು ಹೇಳಿದ್ದು ಆಟೋದವನಿಗೂ ಕೇಳಿಸಿ ಅವನೂ ನಕ್ಕ.

ಬಾಡಿಗೆ ಮನೆಯಲ್ಲಿ ಪ್ಲೇಯರ್ ಇಡಲು ಇದ್ದದ್ದು ಒಂದೇ ಜಾಗ, ನಡುಮನೆಯ ಕಿಟಕಿಯ ಕಟ್ಟೆ. ಕಿಟಕಿ ತೆರೆದರೆ ಕೆಳಗೆ ಮೆಟ್ಟಿಲು, ಎದುರಿಗೆ ಕೈಗೆಟುಕುವಷ್ಟು ಹತ್ತಿರ ಪಕ್ಕದ ಬಿಲ್ಡಿಂಗು. ಮಧ್ಯಾಹ್ನ ಊಟವಾದ ಮೇಲೆ ನಾನೊಂದು ಪ್ಲೇಟು ಹಾಕಿದೆನೆಂದರೆ ಇಡೀ ಓಣಿಗೆ ಹಾಕಿದ ಹಾಗೆ. ಎದುರು ಮನೆಯ ತಮಿಳಿನಾಕೆ ಬಟ್ಟೆ ಒಣಗಿಸುತ್ತಲೇ “ಇನ್ನಿಕ್ಕಿ ಎನ್ನ? ವೀಣೆಯಾ?” ಎಂದು ಇವತ್ತಿನ ಪ್ಲೇಟು ಯಾವುದೆಂದು ವಿಚಾರಿಸುವಳು. ಮೇಲಿನ ಮನೆಯವರು ಹಾಸ್ಯ ನಾಟಕದ ಪ್ಲೇಟು ಕೇಳುವರು. ನಾನೂ ಕಮ್ಮಿಯವಳಲ್ಲ. ಕಿಟಕಿಗೆ ಬಂದು, ಗಂಟಲು ಸರಿಮಾಡಿಕೊಂಡು, ಈಗ ಹಾಕುವುದು ಇಂಥದ್ದು ಎಂದು ರೇಡಿಯೋದವಳ ಹಾಗೆ ಹೇಳಿಯೇ ಮುಳ್ಳು ಇಡುತ್ತಿದ್ದೆ. ಆ ವೈಯಾರದ ಧ್ವನಿಯನ್ನು ಈಗ ನೆನೆಸಿಕೊಂಡರೆ ನನಗೇ ನಾಚಿಕೆಯಾಗುತ್ತದೆ. ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದ್ದ ನಮ್ಮ ಮನೆಯವರು ಹೊದಿಕೆಯೊಳಗಿಂದ “ಲೇ, ನಿನ್ನ ಸ್ಟೇಷನ್ ಮುಚ್ಚೇ” ಎನ್ನುವರು. ನಾನು ಮುಚ್ಚುತ್ತಿರಲಿಲ್ಲ. ಆಮೇಲೆ ಅವರೇ ಕಿವಿಗೆ ಹತ್ತಿ ಇಟ್ಟುಕೊಳ್ಳುವುದನ್ನು ಕಲಿತರು.

ನನ್ನ ಖಾಯಂ ಕೇಳುಗರೆಂದರೆ ಪಿಳ್ಳಮ್ಮ. ಬಿಲ್ಡಿಂಗಿನ ಓನರು ಅವರೇ. ನಮ್ಮ ಮನೆ ನಿಂತಿದ್ದ ಜಾಗದಲ್ಲಿ ಒಂದು ಕಾಲಕ್ಕೆ ಅವರು ರಾಗಿ ಬಿತ್ತಿದ್ದವರು. ನಮ್ಮ ಬಚ್ಚಲುಮನೆಯ ಜಾಗದಲ್ಲಿ ಹುರುಳಿಕಾಯಿ ಚಪ್ಪರವಿತ್ತಂತೆ. ಈಗ ಹೊಲ ಹೋಗಿ ಮೂರು ಅಂತಸ್ತು ಬಾಡಿಗೆ ಮನೆಗಳಾಗಿದ್ದವು, ಆದರೆ ಪಿಳ್ಳಮ್ಮನಿಗೆ ಸುಮ್ಮನೆ ಕೂತು ಗೊತ್ತಿಲ್ಲ. ಅವರೆಕಾಯಿಯೋ ತೊಗರಿಕಾಯಿಯೋ ಮೊರದಲ್ಲಿ ಹಾಕಿಕೊಂಡು ಕೆಳಗಿನ ಮೆಟ್ಟಿಲ ಮೇಲೆ ಕೂತು ಸುಲಿಯುತ್ತ “ಸುಮಿತ್ರಮ್ಮೋ, ಇವತ್ತು ಯಾವ ಪ್ಲೇಟವ್ವಾ?” ಎಂದು ಕೂಗುತ್ತಿದ್ದರು. ಯಾವುದು ಹಾಕಿದರೂ ಬೇಡ ಎಂದವರಲ್ಲ.

ಅವರಿಗೆ ಓದು ಬರಹ ಬಾರದು. ಆದರೆ ಆ ಕಿವಿಯಿತ್ತಲ್ಲ, ಅಬ್ಬಬ್ಬಾ! ಇವತ್ತು ಒಂದು ಹಾಡು ಕೇಳಿದರೆ ಮರುದಿನ ಕಾಯಿ ಸುಲಿಯುತ್ತ ಗುನುಗುತ್ತಿದ್ದರು, ವಾರದೊಳಗೆ ಪೂರ್ತಿ ಅವರ ಬಾಯಲ್ಲಿ. ನನ್ನ ಟ್ರಂಕಿನಲ್ಲಿದ್ದ ಹಾಡುಗಳನ್ನು ಹೀಗೆ ಒಂದೊಂದಾಗಿ ಮೆಟ್ಟಿಲ ಮೇಲೆ ಕೂತೇ ಕಲಿತುಬಿಟ್ಟರು. ಮೊಮ್ಮಗಳನ್ನು ಮಲಗಿಸುವುದು ನಮ್ಮ ಮನೆಯ ಪ್ಲೇಟಿನ ಜೋಗುಳದಲ್ಲಿ, ದೇವರಿಗೆ ದೀಪ ಹಚ್ಚುವುದು ನಮ್ಮ ಮನೆಯ ಪ್ಲೇಟಿನ ದೇವರನಾಮದಲ್ಲಿ. ಸೊಸೆಯಂದಿರು “ನಮ್ಮತ್ತೆಗೆ ಸುಮಿತ್ರಕ್ಕನ ಮನೆ ಗಾಳಿ ಬಡಿದೈತೆ” ಎಂದು ನಗುತ್ತಿದ್ದರು. ನನಗೆ ಒಳಗೊಳಗೇ ಹೆಮ್ಮೆ. ಹಾಡಿದ್ದು ಯಾರೋ, ಪ್ಲೇಟು ಅಪ್ಪನದು, ಕಲಿತವರು ಪಿಳ್ಳಮ್ಮ, ಉಬ್ಬಿದ್ದು ಮಾತ್ರ ನಾನು.

ಇಷ್ಟರಲ್ಲಿ ಅವರಿಗೆ ತುಂಬ ಹಿಡಿಸಿದ್ದು ಒಂದು ಪುಟ್ಟ ಪ್ಲೇಟು. ಸಂಜೆಯಾದರೂ ಕೃಷ್ಣ ಮನೆಗೆ ಬರಲಿಲ್ಲವೆಂದು ಯಶೋದೆ ಕರೆಯುವ ಹಾಡು. ನಾನು ಹುಟ್ಟುವ ಮೊದಲೇ ನಮ್ಮ ಮನೆಗೆ ಬಂದಿದ್ದ ಪ್ಲೇಟು ಅದು. ಅದರ ಎರಡನೇ ಚರಣ ಹೀಗೆ:

ಹೊತ್ತು ಮುಳುಗಿತು ಮನೆಗೆ ಬಾರೋ, ಹೊಸ್ತಿಲಲಿ ದೀಪ ಇಟ್ಟೆನು
ಕಾಸಿದ ಹಾಲು ಆರಿಹೋಯಿತು, ಕರೆದು ಕರೆದು ಸೋತೆನು

ಈ ಎರಡು ಸಾಲಿನ ನಡುವೆ ತಬಲಾದವನು ‘ಟಕ್’ ಎಂದು ಒಂದು ಪೆಟ್ಟು ಕೊಡುತ್ತಿದ್ದ. ಆಹಾ, ಏನು ಪೆಟ್ಟು ಅದು! ಹಾಡುವವಳನ್ನು ದೀಪದ ಹತ್ತಿರದಿಂದ ಹಾಲಿನ ಹತ್ತಿರಕ್ಕೆ ಒಂದೇ ನೆಗೆತದಲ್ಲಿ ದಾಟಿಸುತ್ತಿತ್ತು. ಚಿಕ್ಕಂದಿನಲ್ಲಿ ಅಲ್ಲಿ ನಾನೂ ತಂಗಿಯೂ ನಾಲಿಗೆಯಲ್ಲಿ ಟಕ್ ಎನ್ನಿಸುತ್ತಿದ್ದೆವು. ಪಿಳ್ಳಮ್ಮ ಅಷ್ಟು ದೂರ ಹೋಗದೆ, ಅಲ್ಲಿ ಚಿಕ್ಕದೊಂದು ಉಸಿರು ಹಿಡಿದು ಬಿಡುತ್ತಿದ್ದರು. ಅದೂ ಚೆನ್ನಾಗಿಯೇ ಇರುತ್ತಿತ್ತು.

ಹಾಡು ಇಷ್ಟವಾದರೂ ಯಶೋದೆಯ ಮೇಲೆ ಮಾತ್ರ ಅವರಿಗೆ ಕೋಪ. “ಏನವ್ವ ಇವ್ಳು, ಕಾಲಿಲ್ವಾ ಇವ್ಳಿಗೆ? ಹೊತ್ತು ಮುಳುಗೈತೆ, ಮಗ ಬಂದಿಲ್ಲ. ಹೊಸ್ಲಲ್ಲಿ ದೀಪ ಮಡಗ್ಬಿಟ್ಟು ಅಲ್ಲೇ ನಿಂತ್ಕೊಂಡು ಕೂಗ್ತಾವ್ಳೆ. ಎದ್ದೋಗಿ ಹುಡುಕ್ಬಾರ್ದಾ?” ಎನ್ನುತ್ತಿದ್ದರು. “ದೊಡ್ಡ ಮನೆ ಹೆಂಗಸು ಪಿಳ್ಳಮ್ಮನವರೇ, ಹೊರಗೆ ಹೋಗಲ್ಲ” ಎಂದು ನಾನು ಯಶೋದೆಯ ಪರ ವಹಿಸುತ್ತಿದ್ದೆ. “ಮಗನಿಗಿಂತ ಮನೆ ದೊಡ್ದಾ?” ಎಂದು ಅವರು ಒಂದು ಅವರೆಕಾಯಿಯನ್ನು ಸಿಟ್ಟಿನಿಂದ ಸಿಗಿಯುತ್ತಿದ್ದರು.

ನಮ್ಮ ಕಡೆಯ ಬಡಾವಣೆಗಳ ಹೆಂಗಸರೆಲ್ಲ ಸೇರಿ ಸಿ.ವಿ. ರಾಮನ್ ನಗರದಲ್ಲಿ ಒಂದು ಭಜನೆ ಮಂಡಳಿ ಮಾಡಿಕೊಂಡಿದ್ದರು. ಅದನ್ನು ನಡೆಸುತ್ತಿದ್ದವರು ವಿಜಯಾ ಮೇಡಂ. ಒಳ್ಳೆಯ ಹೆಂಗಸು, ಆದರೆ ಪುಸ್ತಕವಿಲ್ಲದೆ ಬಾಯಿ ತೆರೆಯುವವರಲ್ಲ. ಪಿಳ್ಳಮ್ಮ ಹಿಂದೊಮ್ಮೆ ಅಲ್ಲಿಗೆ ಹೋಗಿದ್ದರಂತೆ. ಕೂತ ಕೂಡಲೇ ಕೈಗೊಂದು ಪುಸ್ತಕ ಕೊಟ್ಟಿದ್ದಾರೆ. ಬೇಡ ಎನ್ನಲು ನಾಚಿಕೆ. ಪಕ್ಕದವರು ಹಾಳೆ ತಿರುವಿದಾಗ ತಾವೂ ತಿರುವುತ್ತ ಕೂತು ಬಂದಿದ್ದಾರೆ. ಹಾಡು ಗೊತ್ತಿದ್ದರೂ ಬಾಯಿ ತೆರೆಯಲಿಲ್ಲವಂತೆ. “ಹಾಳೆ ತಿರುವಾದ್ರಲ್ಲೇ ಇರ್ತಿತ್ತವ್ವ ಗ್ಯಾನ, ಹಾಡು ಎಲ್ಲಿಂದ ಬರ್ಬೇಕು?” ಎಂದು ನನ್ನ ಹತ್ತಿರ ಹೇಳಿ ನಕ್ಕಿದ್ದರು. ಆ ನಗು ನನಗೆ ಸೇರಲಿಲ್ಲ.

ಅದಕ್ಕೇ ಆ ವರ್ಷದ ನವರಾತ್ರಿಗೆ ಮಂಡಳಿಯವರು ಸಂಘದ ಹಾಲಿನಲ್ಲಿ ಹಾಡಿನ ಕಾರ್ಯಕ್ರಮ ಇಟ್ಟಾಗ, ನಾನು ಹೋಗಿ ಪಿಳ್ಳಮ್ಮನ ಹೆಸರು ಕೊಟ್ಟು ಬಂದೆ. ಅವರು “ಹೋಗವ್ವ, ನಿಂಗೇನು ಹುಚ್ಚಾ?” ಎಂದು ಬೈದರು. ಎರಡು ದಿನ ಮೆಟ್ಟಿಲ ಹತ್ತಿರ ಸುಳಿಯಲೇ ಇಲ್ಲ. ಮೂರನೇ ದಿನ ಬಂದು, “ಆ ಯಶೋದೆ ಪ್ಲೇಟು ಒಂದಪ, ಒಂದೇ ಒಂದ್ಸಲ ಹಾಕು” ಎಂದರು. ಅವತ್ತಿನಿಂದ ದಿನಾ ಅದೇ ಪ್ಲೇಟು. ಇಡೀ ಓಣಿಗೆ ಯಶೋದೆ ಬಾಯಿಪಾಠವಾದಳು.

ಕಾರ್ಯಕ್ರಮದ ದಿನ ಪಿಳ್ಳಮ್ಮ ಹಸಿರು ರೇಷ್ಮೆ ಸೀರೆ ಉಟ್ಟು, ಮೈಕಿನ ಮುಂದೆ ಕೂತು, ಕಣ್ಣು ಮುಚ್ಚಿ ಹಾಡಿದರು. ಮುಂದೆ ಪುಸ್ತಕವಿಲ್ಲ, ಚೀಟಿಯಿಲ್ಲ. ದಪ್ಪ ದನಿ ಅವರದು, ಹೊಲದ ಈ ತುದಿಯಿಂದ ಆ ತುದಿಗೆ ಕರೆದು ರೂಢಿಯಾದ ದನಿ. ಸಂಘದ ಹಾಲೆಲ್ಲ ಆ ದನಿಯಿಂದ ತುಂಬಿಹೋಯಿತು. ನಮ್ಮ ಬಿಲ್ಡಿಂಗಿನವರೆಲ್ಲ ಒಂದೇ ಸಾಲಿನಲ್ಲಿ ಕೂತು ತಲೆದೂಗುತ್ತಿದ್ದೆವು. ನನ್ನ ಕಣ್ಣಲ್ಲಿ ನೀರು.

ಹಾಡು ಮುಗಿದು ಚಪ್ಪಾಳೆಯಾದ ಮೇಲೆ ವಿಜಯಾ ಮೇಡಂ ಮೈಕು ತೆಗೆದುಕೊಂಡರು. “ತುಂಬಾ ಚೆನ್ನಾಗಿ ಹಾಡಿದ್ರಿ. ಎರಡನೇ ಚರಣದಲ್ಲಿ ಮಾತ್ರ ಒಂದು ಸಾಲು ಬಿಟ್ಟುಹೋಯ್ತು ಅನ್ಸುತ್ತೆ” ಎಂದರು. ನಯವಾಗಿಯೇ ಹೇಳಿದರು, ಸುಳ್ಳು ಹೇಳಬಾರದು.

“ಇಲ್ಲವ್ವ, ಬಿಟ್ಟಿಲ್ಲ. ಅಷ್ಟೇ ಇರಾದು” ಎಂದರು ಪಿಳ್ಳಮ್ಮ.

“ಮಧ್ಯೆ ಒಂದು ಸಾಲಿದೆ ಅಮ್ಮ.”

“ಇಲ್ಲವ್ವ. ಪ್ಲೇಟಲ್ಲಿ ಅಷ್ಟೇ ಐತೆ. ನಮ್ ಸುಮಿತ್ರಮ್ಮನ್ನ ಕೇಳಿ ಬೇಕಾದ್ರೆ.”

ಕೇಳುವವರೆಗೆ ನಾನು ಕೂತಿರಬೇಕಲ್ಲ? ಆಗಲೇ ಎದ್ದು ನಿಂತಾಗಿತ್ತು. “ಮೇಡಂ, ಅವರು ಹಾಡಿದ್ದು ಸರಿ ಇದೆ. ನಾನು ಹುಟ್ಟಿದಾಗಿನಿಂದ ಕೇಳ್ತಿರೋ ಹಾಡು ಅದು. ದೀಪ ಆದ್ಮೇಲೆ ಹಾಲೇ ಬರೋದು. ಮಧ್ಯೆ ತಬಲಾ ಪೆಟ್ಟು ಇದೆಯೇ ಹೊರತು ಸಾಲು ಇಲ್ಲ. ನೀವು ಯಾವುದೋ ಬೇರೆ ಹಾಡು ಅಂದ್ಕೊಂಡಿದ್ದೀರಿ” ಎಂದೆ. ಅಷ್ಟಕ್ಕೇ ಸುಮ್ಮನಾಗಿದ್ದರೆ ಆಗುತ್ತಿತ್ತು. “ಕಿವಿಯಿಂದ ಕೇಳಿ ಕಲಿತವರಿಗೆ ಗೌರವ ಕೊಡೋದನ್ನ ಕಲೀಬೇಕು” ಎಂದು ಬೇರೆ ಸೇರಿಸಿದೆ. ನಮ್ಮ ಸಾಲಿನವರು “ಹೌದು, ಸುಮಿತ್ರಕ್ಕ ಹೇಳಿದ್ದೇ ಸರಿ” ಎಂದು ದನಿಗೂಡಿಸಿದರು. ಎದುರು ಮನೆಯ ತಮಿಳಿನಾಕೆಗೆ ಹಾಡಿನ ಅರ್ಥ ಅಷ್ಟಕ್ಕಷ್ಟೇ, ಆದರೂ “ಆಮಾ, ಆಮಾ, ಕರೆಕ್ಟ್” ಎಂದಳು.

ವಿಜಯಾ ಮೇಡಂ ಚೀಲದಿಂದ ಪುಸ್ತಕ ತೆಗೆದು ಆ ಪುಟ ಓದಿದರು. ದೀಪದ ಸಾಲಿಗೂ ಹಾಲಿನ ಸಾಲಿಗೂ ನಡುವೆ ನಾವ್ಯಾರೂ ಕೇಳದ ಸಾಲೊಂದು ಇತ್ತು. ಆ ಗದ್ದಲದಲ್ಲಿ ಅದೇನೆಂದು ನನ್ನ ತಲೆಗೂ ಹೋಗಲಿಲ್ಲ, ಪಿಳ್ಳಮ್ಮನ ಕಿವಿಗೂ ಬೀಳಲಿಲ್ಲ. “ಬಿಟ್ಟಿದ್ದನ್ನೂ ಎಲ್ಲಾರೂ ಒಂದೇ ತರ ಬಿಟ್ಟಿದ್ದಾರಲ್ಲಪ್ಪ!” ಎಂದು ಹಿಂದಿನಿಂದ ಯಾರೋ ಅಂದರು. ಸಭೆಗೆ ಸಭೆಯೇ ನಕ್ಕಿತು. ನಾನು ಕೂತೆ. ಪಿಳ್ಳಮ್ಮ ಮೈಕಿನ ಮುಂದೆ, ಎದ್ದು ಬರಬೇಕೋ ಬೇಡವೋ ತಿಳಿಯದೆ, ಸೆರಗಿನ ಅಂಚು ಹಿಡಿದುಕೊಂಡು ಕೂತೇ ಇದ್ದರು.

ಮನೆಗೆ ಬಂದವಳೇ ಪ್ಲೇಟನ್ನು ಟ್ಯೂಬ್‌ಲೈಟಿನ ಕೆಳಗೆ ಓರೆಯಾಗಿ ಹಿಡಿದು ನೋಡಿದೆ. ಕೂದಲೆಳೆಯಷ್ಟು ಸಣ್ಣ ಗೀರು. ಮುಳ್ಳು ಅಲ್ಲಿಗೆ ಬಂದು ಟಕ್ ಎಂದು ಎಗರಿ ಆಚೆ ಬೀಳುತ್ತಿತ್ತು. ತಾಳಕ್ಕೆ ಸರಿಯಾಗಿ ಬೀಳುತ್ತಿದ್ದದ್ದರಿಂದ ನಾವು ಯಾರೂ ಏನೆಂದು ನೋಡಿರಲಿಲ್ಲ. ಜನ್ಮವಿಡೀ ನಾನು ಮೆಚ್ಚಿಕೊಂಡ ತಬಲಾದವನ ಕೈಚಳಕ ಅದು! ಹಲಸೂರಿಗೆ ಫೋನು ಮಾಡಿ, ಈ ಗೀರು ಮಾಡಿದ್ದು ಯಾರು ಎಂದು ಕೇಳಿದೆ. ಅಮ್ಮ ಚಿಕ್ಕಪ್ಪನ ಹೆಸರು ಹೇಳಿದಳು. ಚಿಕ್ಕಪ್ಪನಿಗೆ ಮಾಡಿದರೆ, ಬೆಕ್ಕು ಎಂದರು. ನಮ್ಮ ಮನೆಯಲ್ಲಿ ಬೆಕ್ಕು ಯಾವಾಗ ಇತ್ತು ಎಂದದ್ದಕ್ಕೆ, ಆಗ ಇತ್ತಮ್ಮ, ನೀನಿನ್ನೂ ಹುಟ್ಟಿರಲಿಲ್ಲ ಎಂದುಬಿಟ್ಟರು. ಇನ್ನು ಬೆಕ್ಕನ್ನು ಎಲ್ಲಿ ಹೋಗಿ ಹುಡುಕುವುದು?

ನಾನಾದರೆ ನಾಲ್ಕು ದಿನದಲ್ಲಿ ಇದನ್ನೊಂದು ತಮಾಷೆ ಮಾಡಿಕೊಂಡು ಹೇಳುತ್ತ ತಿರುಗಿದೆ. ಪಿಳ್ಳಮ್ಮ ಮೆಟ್ಟಿಲಿಗೆ ಬರುವುದನ್ನೇ ಬಿಟ್ಟರು. ಮೊರ ತೆಗೆದುಕೊಂಡು ಹಿತ್ತಲಲ್ಲಿ ನೀರಿನ ಸಂಪಿನ ಹತ್ತಿರ ಕೂರತೊಡಗಿದರು. ನಾನು ಬೇಕೆಂದೇ ಜೋರಾಗಿ ಪ್ಲೇಟು ಹಾಕಿದರೆ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುವರು. ಸಂಜೆ ದೀಪ ಹಚ್ಚುವಾಗ ಹಾಡಿಲ್ಲ. ಮೊಮ್ಮಗಳು ಅತ್ತರೆ ಬರೀ ತೊಡೆ ತಟ್ಟುವ ಸದ್ದು, ಜೋಗುಳವಿಲ್ಲ. ಸೊಸೆಯಂದಿರೂ ನಗುವುದನ್ನು ನಿಲ್ಲಿಸಿದರು.

ಒಂದು ದಿನ ನಾನೇ ಹಿತ್ತಲಿಗೆ ಹೋಗಿ ಪಕ್ಕದಲ್ಲಿ ಕೂತೆ. “ನಿಮ್ಮ ತಪ್ಪಲ್ಲ ಪಿಳ್ಳಮ್ಮನವರೇ, ಪ್ಲೇಟಿನ ಗೀರು ಅದು. ಮುಳ್ಳು ಎಗರುತ್ತೆ” ಎಂದೆ.

“ಗೊತ್ತಾಯ್ತವ್ವ. ನಮ್ ಹುಡುಗರು ಹೇಳಿದ್ರು.”

“ಮತ್ತೆ? ನಕ್ಕೋರು ನಕ್ಕೊಂಡ್ರು, ಹೋಗ್ಲಿ ಬಿಡಿ.”

“ನಕ್ಕಿದ್ಕಲ್ಲ ಕಣವ್ವ.” ಕೈಯಲ್ಲಿದ್ದ ಕಾಯಿಯನ್ನು ಮೊರಕ್ಕೆ ಹಾಕಿದರು. “ನಿನ್ನ ಪ್ಲೇಟು ಇನ್ನ ಎಲ್ಲೆಲ್ಲಿ ಎಗರ್ತದೋ ನಂಗೆಂಗೆ ಗೊತ್ತಾಗ್ಬೇಕು? ನೀನಾದ್ರೆ ಪುಸ್ತಕ ತೆಗೆದು ನೋಡ್ಕೊಂತೀಯ. ಆ ಮೇಡಮ್ಮೂ ನೋಡ್ಕೊಂತಾಳೆ. ನಂಗಿರಾದು ಈ ಕಿವಿ ಒಂದೇ. ಅದ್ನೇ ನಂಬಂಗಿಲ್ಲ ಅಂದ್ರೆ ನಾನು ಕಲ್ತಿರಾದು ಯಾವ್ದು ದಿಟ, ಯಾವ್ದು ಸುಳ್ಳು? ಬಾಯಿ ತೆಗೀಬೇಕು ಅಂದ್ರೆ ಭಯ ಆಯ್ತದೆ.”

ಪುಸ್ತಕ ತಂದು ಓದಿ ಹೇಳಲೇ ಎಂದೆ. “ಬ್ಯಾಡ” ಎಂದರು. ಇನ್ನೊಬ್ಬರು ಓದಿ ಹೇಳಿದ್ದನ್ನು ನಂಬುವುದು ಬೇರೆ, ತಾನೇ ಕೇಳಿ ನಂಬುವುದು ಬೇರೆ ಎಂದು ಅವರ ಮುಖ ನೋಡಿದರೇ ತಿಳಿಯುತ್ತಿತ್ತು. ಮೇಲೆ ಬಂದು ಯಾವ ಪ್ಲೇಟನ್ನೂ ಹಾಕಲು ಮನಸ್ಸಾಗದೆ ಕೂತೆ. ಕೆಳಗೆ ಆ ಮೆಟ್ಟಿಲು ಖಾಲಿ ಕಂಡರೆ ಸಂಕಟವಾಗುತ್ತಿತ್ತು ಕಣ್ರೀ, ನಿಜವಾಗಿಯೂ.

ಗೀರಿಲ್ಲದ ಅದೇ ಪ್ಲೇಟು ಎಲ್ಲಾದರೂ ಸಿಗಬೇಕು, ಅವರ ಕಿವಿಗೇ ಅದನ್ನು ಕೇಳಿಸಬೇಕು ಎಂದು ನಿಶ್ಚಯ ಮಾಡಿದೆ. ಅಪ್ಪ ಹಿಂದೆ ಪ್ಲೇಟು ತರುತ್ತಿದ್ದದ್ದು ಶಿವಾಜಿನಗರದಿಂದ. ಪಿಳ್ಳಮ್ಮನನ್ನು ಹೊರಡಿಸಲು ಒಂದು ಸುಳ್ಳು ಬೇಕಿತ್ತು. ಮನೆಯಲ್ಲಿ ಪೂಜೆಯಿದೆ, ಅಲ್ಲಿನ ರಸೆಲ್ ಮಾರುಕಟ್ಟೆಯಲ್ಲಿ ಹೂವು ತರಬೇಕು, ನನಗೆ ಹೂವಿನವರ ಹತ್ತಿರ ಚೌಕಾಸಿ ಬರುವುದಿಲ್ಲ ಎಂದೆ. ನನಗೆ ಚೌಕಾಸಿ ಬರುವುದಿಲ್ಲ ಎನ್ನುವುದನ್ನು ಯಾರು ನಂಬುತ್ತಾರೆ? ಅವರು ನನ್ನ ಮುಖ ನೋಡಿ, “ಆಯ್ತು ನಡಿ” ಎಂದರು. ಶಿವಾಜಿನಗರದ ಬಸ್ಸು ಹತ್ತಿದೆವು.

ಮಾರ್ಕೆಟ್ಟಿನ ಪಕ್ಕದ ಗಲ್ಲಿಯಲ್ಲಿ ಸತ್ತಾರ್ ಭಾಯ್ ಅವರ ಅಂಗಡಿ. ಹಳೇ ಗಡಿಯಾರ, ಹಳೇ ಫ್ಯಾನು, ನಡುವೆ ಪ್ಲೇಟುಗಳ ಡಬ್ಬಗಳು. ಆ ಅಂಗಡಿಯದೊಂದು ಪದ್ಧತಿ ಇತ್ತು. ಒಳಗೆ ಹೋದ ಕೂಡಲೇ ಏನು ಬೇಕು ಎಂದು ಕೇಳುವವರಲ್ಲ ಭಾಯ್. “ಆವೊ ಅಮ್ಮಾ, ಬೈಠೊ. ಘರ್ ಪೋ ಕ್ಯಾ ಚಲ್ರಾ? ಮನೇಲಿ ಏನು ಓಡ್ತಾ ಇದೆ?” ಎನ್ನುವರು. ಅಲ್ಲಿ ಸೇರಿದ ಗಿರಾಕಿಗಳೆಲ್ಲ ಒಬ್ಬರಿಗೊಬ್ಬರು ತಮ್ಮ ಮನೆಯಲ್ಲಿ ಓಡುತ್ತಿರುವುದನ್ನು ಹೇಳಲೇಬೇಕು. ಕಾಕ್ಸ್‌ಟೌನಿನ ಒಬ್ಬರು ಮೊಣಕಾಲಿನ ಮೇಲೆ ತಾಳ ಹಾಕುತ್ತ ಇಂಗ್ಲಿಷ್ ಬ್ಯಾಂಡಿನ ಸುದ್ದಿ ಹೇಳುತ್ತಿದ್ದರು. ಬುರ್ಖಾ ಹಾಕಿದ್ದ ಹೆಂಗಸೊಬ್ಬಳು, ತನ್ನ ಮನೆಯಲ್ಲಿ ಮೂರು ದಿನದಿಂದ ಒಂದೇ ಕವ್ವಾಲಿ, ಗಂಡನಿಗೆ ಹುಚ್ಚು ಹಿಡಿದಿದೆ ಎಂದು ದೂರುತ್ತಿದ್ದಳು. ಇದೆಲ್ಲ ಆಗದೆ ಭಾಯ್ ಡಬ್ಬಕ್ಕೆ ಕೈ ಹಾಕುತ್ತಿರಲಿಲ್ಲ.

ನನ್ನ ಸರದಿ ಬಂತು. ನಾನು ಬಾಯಿ ತೆರೆಯುವ ಮೊದಲು ಪಿಳ್ಳಮ್ಮ, “ನಮ್ಮನೇಲಿ ಏನೂ ಓಡ್ತಾ ಇಲ್ಲಪ್ಪ. ನಿಂತೋಗೈತೆ” ಎಂದರು. ಸತ್ತಾರ್ ಭಾಯ್‌ಗೆ ಏನನ್ನಿಸಿತೋ, ಒಳಗಿಂದ ಸ್ಟೂಲು ತರಿಸಿ ಅವರನ್ನು ಕೂರಿಸಿದರು. ನಾನು ನಡೆದದ್ದನ್ನೆಲ್ಲ ಹೇಳಿದೆ. ನನ್ನ ಭಾಷಣದ ಭಾಗವನ್ನು ಸ್ವಲ್ಪ ಚಿಕ್ಕದು ಮಾಡಿದೆ.

ಭಾಯ್‌ಗೆ ಕನ್ನಡ ಓದಲು ಬರುತ್ತಿರಲಿಲ್ಲ. ಮೇಲಿನ ಚಿತ್ರ ನೋಡಿ ಪ್ಲೇಟು ವಿಂಗಡಿಸುವುದು ಅವರ ಲೆಕ್ಕ. “ಕೊಳಲು ಹಿಡಿದವರೆಲ್ಲ ಇಧರ್” ಎಂದು ಒಂದು ಡಬ್ಬ ಎಳೆದು ಕೊಟ್ಟರು. ನಾನು ಹುಡುಕಿದೆ. ಅದೇ ಪ್ಲೇಟು, ಒಂದಲ್ಲ, ಎರಡಿದ್ದವು! ಒಂದು ಕೆ.ಆರ್. ಪುರದ ಮನೆಯಿಂದ ಬಂದದ್ದು, ಇನ್ನೊಂದು ಫ್ರೇಜರ್ ಟೌನಿನದು ಎಂದರು. ಎರಡೂ ಬದಿ ಹಾಕಿ ಕೇಳಿಸದೆ ಅವರು ಯಾವುದನ್ನೂ ಮಾರುವವರಲ್ಲ. ಮೊದಲನೆಯದನ್ನು ಹಾಕಿದರು. ಪಲ್ಲವಿ ಚೆನ್ನಾಗಿ ಬಂತು. ಎರಡನೇ ಚರಣ ಶುರುವಾಯಿತೋ ಇಲ್ಲವೋ, ಟಕ್! ದೀಪವೂ ಇಲ್ಲ, ಏನೂ ಇಲ್ಲ, ಸೀದಾ ಹಾಲು ಆರಿಹೋಯಿತು. ನಮ್ಮ ಮನೆಯದಕ್ಕಿಂತ ಅನ್ಯಾಯ.

ಪಿಳ್ಳಮ್ಮ ತಲೆ ಎತ್ತಿದರು. “ಅವ್ರ ಮನೇಲಿ ದೀಪಾನೇ ಹಚ್ಚಲ್ವಾ?” ಎಂದರು. ಎಷ್ಟೋ ದಿನದ ಮೇಲೆ ಅವರ ಬಾಯಿಂದ ಬಂದ ಮೊದಲ ತಮಾಷೆ ಅದು.

ಎರಡನೆಯದನ್ನು ಹಾಕಿದರು. ಅಂಚು ಒಡೆದು ಪಲ್ಲವಿಯೇ ಅರ್ಧ ಹೋಗಿತ್ತು. ನನ್ನ ಆಸೆಯೂ ಹೋಯಿತು. ಎರಡನೇ ಚರಣ ಬಂತು. ಹೊಸ್ತಿಲಲಿ ದೀಪ ಇಟ್ಟಾಯಿತು. ನನ್ನ ನಾಲಿಗೆ ತಾನಾಗಿ ಟಕ್ ಎನ್ನಲು ಸಿದ್ಧವಾಯಿತು. ಆ ಸದ್ದು ಬರಲಿಲ್ಲ. ನಾನು ಹುಟ್ಟಿದಾಗಿನಿಂದ ಒಮ್ಮೆಯೂ ಕೇಳದ ಸಾಲೊಂದು, ಅದೇ ಧ್ವನಿಯಲ್ಲಿ, ನಿಧಾನವಾಗಿ ಬಂತು:

ಗೋಕುಲದ ಬೀದಿಯೆಲ್ಲ ಅಲೆದೆ, ಹೆಜ್ಜೆ ಗುರುತ ಹುಡುಕಿದೆನು

ಮುಂದೆ ಮುಳ್ಳು ಸಿಕ್ಕಿಕೊಂಡು ‘ದ ಹಾಲು, ದ ಹಾಲು, ದ ಹಾಲು’ ಎಂದು ಗೋಳಾಡತೊಡಗಿತು. ಭಾಯ್ ಮುಳ್ಳು ಎತ್ತಿದರು. ಪಿಳ್ಳಮ್ಮ ಎದ್ದು ನಿಂತಿದ್ದರು.

“ಹೋಗಿದ್ಲಾ! ಅವ್ಳು ಹೋಗಿದ್ಲಲ್ಲವ್ವ!” ನನ್ನ ತೋಳು ಹಿಡಿದು ಅಲ್ಲಾಡಿಸಿದರು. “ಬೀದಿಯೆಲ್ಲಾ ಸುತ್ತಿ ಬಂದವ್ಳೆ ಮಹಾತಾಯಿ. ನಾನು ಸುಮ್ಸುಮ್ನೆ ಬೈಕೊಂತಾ ಇದ್ನಲ್ಲಾ! ನಂಗೆ ಅನ್ಸಿತ್ತು ಕಣೇ, ಹೆತ್ತೋಳು ಅಂಗೆ ನಿಂತ್ಕಣಾಕಿಲ್ಲ ಅಂತ.”

ಅವರು ನನ್ನನ್ನು ‘ಕಣೇ’ ಎಂದದ್ದು ಅದೇ ಮೊದಲು. ಏನೋ ಒಂದು ಕಮ್ಮಿಯಿದೆ ಎಂದು ಇಷ್ಟು ದಿನ ಕಾಯಿ ಸಿಗಿಯುತ್ತ ಸಿಟ್ಟು ಮಾಡುತ್ತಿದ್ದರಲ್ಲ, ನಾನು ದೊಡ್ಡ ಮನೆ ಹೆಂಗಸು ಎಂದು ಸಮಾಧಾನ ಹೇಳುತ್ತಿದ್ದೆನಲ್ಲ. ಕೇಳದೆ ಇದ್ದ ಸಾಲಿನ ಜಾಗ ಆ ಕಿವಿಗೆ ಗೊತ್ತಿತ್ತು. ಅದನ್ನು ಅವರಿಗೆ ಅಲ್ಲೇ ಹೇಳಿದೆ.

“ಇನ್ನೊಂದಪ ಹಾಕಪ್ಪ” ಎಂದರು. ಭಾಯ್ ಹಾಕಿದರು. ಮತ್ತೆ ಹಾಕಿದರು. ಕಾಕ್ಸ್‌ಟೌನಿನವರು ಮಾತು ನಿಲ್ಲಿಸಿದರು, ಕವ್ವಾಲಿಯ ಹೆಂಗಸು ಗಲ್ಲಕ್ಕೆ ಕೈಯಿಟ್ಟು ಕೂತಳು. ಹೊರಗೆ ಸೊಪ್ಪಿನವರ ಕೂಗು, ಆಟೋಗಳ ಹಾರ್ನು, ಮಸೀದಿಯ ಕಡೆಯಿಂದ ಜನ. ಅದರ ನಡುವೆ ಪಿಳ್ಳಮ್ಮ ಸ್ಟೂಲಿನ ಮೇಲೆ ಕೂತು, ಕಣ್ಣು ಮುಚ್ಚಿ, ಪಲ್ಲವಿಯಿಂದ ಶುರುಮಾಡಿದರು. ಪಲ್ಲವಿ ನಮ್ಮ ಮನೆಯ ಪ್ಲೇಟಿನದು, ಹುಡುಕಾಟ ಫ್ರೇಜರ್ ಟೌನಿನದು, ಹಾಲು ಮತ್ತೆ ನಮ್ಮ ಮನೆಯದು. ಎಲ್ಲೂ ಎಗರಲಿಲ್ಲ. ಕವ್ವಾಲಿಯ ಹೆಂಗಸಿಗೆ ಭಾಷೆ ಎಷ್ಟು ತಿಳಿಯಿತೋ, “ಬಚ್ಚೆ ಕೊ ಬುಲಾ ರೈ, ನೈ?” ಎಂದು, ಮಗುವನ್ನು ಕರೆಯುತ್ತಿದ್ದಾಳಲ್ಲವೇ ಎಂದು ನನ್ನನ್ನು ಕೇಳಿ ಕಣ್ಣೊರೆಸಿಕೊಂಡಳು.

“ಯಾವ್ದು ಕೊಡ್ಲಿ ಅಮ್ಮಾ? ಎರಡೂ ಖರಾಬ್, ಹೇಳ್ಬಿಟ್ಟಿದೀನಿ” ಎಂದರು ಸತ್ತಾರ್ ಭಾಯ್.

“ಯಾವ್ದೂ ಬ್ಯಾಡಪ್ಪ. ನನ್ನತ್ರ ಪೂರ್ತಿ ಐತಲ್ಲ ಈಗ” ಎಂದು ಪಿಳ್ಳಮ್ಮ ಎದ್ದರು. ಆಮೇಲೆ ನನ್ನ ಕಡೆ ತಿರುಗಿ, “ಹೂವು ತಗೊಳಾದೈತಾ, ಅದೂ ಸುಳ್ಳಾ?” ಎಂದರು. ಸುಳ್ಳು ಎಂದೆ. ಆದರೂ ಇಬ್ಬರೂ ಹೋಗಿ ಕನಕಾಂಬರ ತಗೊಂಡು ಮುಡಿದುಕೊಂಡೆವು.

ಅಲ್ಲಿಂದ ಮುಂದೆ ಅವರು ಮತ್ತೆ ಮೆಟ್ಟಿಲಿಗೆ ಬಂದರು. ಆದರೆ ಪ್ಲೇಟು ಕೇಳುವ ರೀತಿ ಬೇರೆಯಾಗಿತ್ತು. “ತಡಿ, ಇಲ್ಲೇನೋ ಹೋಗೈತೆ, ಇನ್ನೊಂದಪ ಹಾಕು” ಎಂದು ಕೆಳಗಿನಿಂದಲೇ ಮುಳ್ಳು ಎತ್ತಿಸುತ್ತಿದ್ದರು. ನಾನು ಪ್ಲೇಟನ್ನು ಬೆಳಕಿಗೆ ಹಿಡಿದು ನೋಡಿದರೆ ಕೆಲವು ಸಲ ಗೀರಿರುತ್ತಿತ್ತು, ಕೆಲವು ಸಲ ಬರೀ ಧೂಳು. ಗೀರು ಕಂಡಾಗ ಅವರಿಗಾಗುತ್ತಿದ್ದ ಸಂತೋಷ ನೋಡಬೇಕಿತ್ತು ನೀವು.

ಮುಂದಿನ ನವರಾತ್ರಿಗೆ ಹೆಸರನ್ನು ಅವರೇ ಹೋಗಿ ಕೊಟ್ಟು ಬಂದರು, ಅದೇ ಹಾಡಿಗೆ. ಅದೇ ಸಂಘದ ಹಾಲು, ಅದೇ ಹಸಿರು ಸೀರೆ, ಮುಂದಿನ ಸಾಲಿನಲ್ಲಿ ಪುಸ್ತಕ ತೆರೆದುಕೊಂಡು ಅದೇ ವಿಜಯಾ ಮೇಡಂ. ಪಿಳ್ಳಮ್ಮ ಹಾಡಿದರು. ಹೊಸ್ತಿಲಲಿ ದೀಪ ಇಟ್ಟರು. ಗೋಕುಲದ ಬೀದಿಯೆಲ್ಲ ಅಲೆದರು, ಹೆಜ್ಜೆ ಗುರುತ ಹುಡುಕಿದರು. ಸಭೆಯಲ್ಲಿ ಯಾರಿಗೂ ಏನೂ ವಿಶೇಷ ಅನ್ನಿಸಲಿಲ್ಲ. ಹೋದ ವರ್ಷ ಬಿಟ್ಟುಹೋದದ್ದು ಎಲ್ಲರಿಗೂ ಕೇಳಿಸಿತ್ತು, ಈ ವರ್ಷ ಬಂದದ್ದು ಯಾರ ಗಮನಕ್ಕೂ ಬರಲಿಲ್ಲ. ವಿಜಯಾ ಮೇಡಂ ಪುಟದ ಮೇಲೆ ಬೆರಳಾಡಿಸುತ್ತ ತಲೆಯಾಡಿಸಿ ಮುಂದಿನ ಸಾಲಿಗೆ ಹೋದರು. ನಾನೊಬ್ಬಳೇ ಗೊಳೋ ಎಂದು ಅತ್ತೆ. ಮೇಲಿನ ಮನೆಯವರು ನನಗೆ ಹುಷಾರಿಲ್ಲವೆಂದುಕೊಂಡು ನೀರು ಕೊಟ್ಟರು.

ಪಿಳ್ಳಮ್ಮ ವೇದಿಕೆ ಇಳಿದು ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತರು. ಸೆರಗಿನಿಂದ ಕತ್ತು ಒರೆಸಿಕೊಂಡು, ನನ್ನ ಕೈಯಲ್ಲಿದ್ದ ನೀರನ್ನು ಇಸಿದುಕೊಂಡು ಕುಡಿದರು.

“ಸರಿಯಾಗಿ ಬಂತೇನವ್ವ?” ಎಂದರು.

“ಬಂತು ಪಿಳ್ಳಮ್ಮನವರೇ. ಒಂದಕ್ಷರ ಬಿಡದೆ ಬಂತು.”

“ಬಂತು ಅಂತ ನಂಗೇ ಗೊತ್ತು” ಎಂದರು. “ಸುಮ್ನೆ ನಿನ್ನ ಕೇಳ್ದೆ.”